ಸಾಣೆಕಲ್ಲು ಆದ ಮೇಲೆ ಚರ್ಮ

ಕೊಡವರ ಮದುವೆಯಲ್ಲಿ ಒಡಿಕತ್ತಿ ಎಂಬ ಅಗಲ ಅಲಗಿನ ಬಾಗಿದ ಕತ್ತಿಯಿಂದ ಬಾಳೆ ಕಡಿಯುತ್ತಾರೆ. ದಿಂಡು ಒಂದೇ ಏಟಿಗೆ ತುಂಡಾಗದಿದ್ದರೆ ನೆಂಟರು ಸುಮ್ನಿರ್ತಾರಾ? ಆ ಕತ್ತಿಗೆ ಸಾಣೆಕಲ್ಲು ಸಾಕು. ಮಿಕ್ಕ ಕೆಲಸವನ್ನು ಅದರ ತೂಕ, ಬೀಸಿದ ವೇಗ ಮಾಡುತ್ತವೆ. ಕಿತ್ತಳೆ ಗಿಡಕ್ಕೆ ಕಸಿ ಕಟ್ಟುವ ಪುಟ್ಟ ಚಾಕುವಿಗೆ ಅಷ್ಟು ಸಾಲದು, ಕಲ್ಲಿನ ನಂತರ ಚರ್ಮದ ಪಟ್ಟಿಯೂ ಬೇಕು. ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳುವಾದ, ಬೆಳೆಯುವ ಪದರ ಇದೆ. ಎರಡೂ ಗಿಡಗಳ ಆ ಪದರ ಒಂದಕ್ಕೊಂದು ತಾಗಿ ಕೂತರೆ ಮಾತ್ರ ಕಸಿ ಹಿಡಿಯುತ್ತದೆ. ಅಲಗು ಒರಟಾಗಿದ್ದರೆ ಜೀವಕೋಶಗಳು ಕೊಯ್ಯುವ ಬದಲು ಜಜ್ಜಿಹೋಗುತ್ತವೆ.

ಕಲ್ಲಿನ ಮೇಲೆ ಚಾಕು ಮಸೆಯುವಾಗ ತುದಿಯ ಉಕ್ಕು ತೆಳ್ಳಗಾಗುತ್ತಾ ಹೋಗಿ, ಕೊನೆಗೆ ಸವೆಯುವ ಬದಲು ಆಚೆ ಬದಿಗೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಸುಲಭಕ್ಕೆ ಕಾಣದು. ಚಾಕುವಿನ ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸಿದರೆ ಸಣ್ಣ ತರಿ ತಡೆಯುತ್ತದೆ. (ಅಂಚಿನ ಉದ್ದಕ್ಕೆ ಜಾರಿಸಬೇಡಿ, ಬೆರಳು ಹೋಗುತ್ತೆ!) ಈ ತರಿ ಇರುವಾಗ ಚಾಕು ಬಹಳ ಹರಿತ ಅನ್ನಿಸುತ್ತದೆ. ನಾಲ್ಕು ಕಡ್ಡಿ ಕೊಯ್ಯುವಷ್ಟರಲ್ಲಿ ಅದು ಬಾಗಿ, ಚಾಕು ಮೊಂಡಾಗುತ್ತದೆ. ಆಗ ನಾವು ಉಕ್ಕನ್ನು ಬೈಯುತ್ತೇವೆ.

ಚರ್ಮದ ಪಟ್ಟಿ ತೆಗೆಯುವುದು ಈ ತರಿಯನ್ನೇ. ಕ್ಷೌರದಂಗಡಿಯಲ್ಲಿ ಹಿಂದೆ ಕತ್ತಿಯನ್ನು ಪಟ್ಟಿಯ ಮೇಲೆ ಆಡಿಸುತ್ತಿದ್ದ ರೀತಿ ನೆನಪಿದೆ ಅಲ್ವಾ? ಬೆನ್ನು ಮುಂದೆ, ಅಂಚು ಹಿಂದೆ. ತಿರುಗಿಸಿ ಎಳೆದರೆ ಅಂಚು ಚರ್ಮವನ್ನೇ ಕೊಯ್ಯುತ್ತದೆ. ಪಟ್ಟಿಗೆ ಸವರುವ ಹಸಿರು ಪೇಸ್ಟ್ ಕ್ರೋಮಿಯಂ ಆಕ್ಸೈಡ್. ಅದರ ಕಣಗಳು ಸಾಮಾನ್ಯವಾಗಿ ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲು) ಆಸುಪಾಸು, ಉಕ್ಕಿಗಿಂತ ಗಟ್ಟಿ. ಕಲ್ಲು ಬಿಟ್ಟ ಗೀರುಗಳನ್ನು ಅವು ಉಜ್ಜಿ ಉಜ್ಜಿ ಬೆಳಕಿನ ತರಂಗಾಂತರಕ್ಕಿಂತ ಸಣ್ಣದು ಮಾಡುತ್ತವೆ. ಅದಕ್ಕೇ ಅಲಗು ಕನ್ನಡಿಯಾಗುತ್ತದೆ.

ಜಾಸ್ತಿ ಜನ ಎಡವುವುದು ಒತ್ತುವುದರಲ್ಲಿ. ಚರ್ಮ ಮೆತ್ತಗಿನ ಹಾಸಿಗೆಯ ಹಾಗೆ. ಒತ್ತಿದಷ್ಟೂ ಕುಸಿದು, ಅಂಚು ದಾಟಿದ ಕೂಡಲೇ ಮತ್ತೆ ಉಬ್ಬುತ್ತದೆ. ಹಾಗೆ ಉಬ್ಬುವಾಗ ಹರಿತವಾದ ತುದಿಯನ್ನೇ ದುಂಡಗೆ ಮಾಡಿಬಿಡುತ್ತದೆ. ಚಾಕುವಿನ ತೂಕವೇ ಸಾಕು. ಕಲ್ಲಿನ ಮೇಲೆ ಹಿಡಿದ ಕೋನವನ್ನೇ ಇಲ್ಲೂ ಹಿಡಿಯಬೇಕು. ಪೂರ್ತಿ ಮೊಂಡಾದ ಚಾಕುವನ್ನು ಚರ್ಮ ಉಳಿಸಲಾರದು, ಅದು ಮತ್ತೆ ಕಲ್ಲಿಗೇ ಹೋಗಬೇಕು.

ಮೆತ್ತಗಿನದನ್ನು ಕೊಯ್ದರೂ ಅಂಚು ಕೆಡುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ನೋಡಿದಾಗ, ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಕೂಡ ಕ್ಷೌರದ ಬ್ಲೇಡಿನಿಂದ ಚೂರು ಎಬ್ಬಿಸುತ್ತಿತ್ತು. ಸಾಲದ್ದಕ್ಕೆ ಕಿತ್ತಳೆ ಕಡ್ಡಿಯ ರಸವೂ ಉಕ್ಕನ್ನು ತಿನ್ನುತ್ತದೆ. ಕೆಲಸದ ನಡುವೆ ಚಾಕು ಒರೆಸಿ, ಆಗಾಗ ಪಟ್ಟಿಯ ಮೇಲೆ ಎಳೆಯುವುದು ಇದಕ್ಕಾಗಿ.

ಪಂದಿಕರಿಗೆ ಮಾಂಸ ಹೆಚ್ಚುವ ಚಾಕುವಿಗೆ ಮಾತ್ರ ನಾನು ಇಷ್ಟು ಹೊಳಪು ಕೊಡುವುದಿಲ್ಲ. ಹಂದಿಯ ತೊಗಲು ಜಾರುತ್ತದೆ. ಅಂಚಿನಲ್ಲಿ ಕಲ್ಲಿನ ಗೀರು ಸ್ವಲ್ಪ ಉಳಿದಿದ್ದರೆ ಗರಗಸದ ಹಲ್ಲಿನಂತೆ ಕಚ್ಚಿಕೊಂಡು ಹೋಗುತ್ತದೆ. ಆ ಚಾಕುವಿಗೆ ಚರ್ಮದ ಪಟ್ಟಿಯ ಮೇಲೆ ಎರಡು ಮೂರು ಎಳೆತ ಸಾಕು.