ಹೊಸ ಪ್ರಭೇದ ಹುಟ್ಟುವುದು: ಬಂಜೆತನವನ್ನು ನೈಸರ್ಗಿಕ ಆಯ್ಕೆ ಹೇಗೆ ತಂದೀತು?

ನೈಸರ್ಗಿಕ ಆಯ್ಕೆಗೆ ಬೇಕಾದ ವ್ಯತ್ಯಾಸ, ಅನುವಂಶೀಯತೆ, ಉಳಿವು ಎಲ್ಲರಿಗೂ ಗೊತ್ತಿರುವುದೇ. ಆದರೆ ಕಪ್ಪೆಯ ಬಣ್ಣ ಬದಲಾದ ಮಾತ್ರಕ್ಕೆ ಅದು ಹೊಸ ಪ್ರಭೇದವಲ್ಲ. ಎರಡು ಗುಂಪುಗಳ ನಡುವೆ ಜೀನ್ ಹರಿವು, ಅಂದರೆ ಕೂಡುವಿಕೆಯಿಂದ ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ಹೋಗುವುದು, ನಿಲ್ಲಬೇಕು. ಒಂದೋ ಅವು ಕೂಡುವುದಿಲ್ಲ, ಇಲ್ಲವೇ ಕೂಡಿದರೂ ಮರಿ ಬದುಕುವುದಿಲ್ಲ ಅಥವಾ ಬಂಜೆಯಾಗುತ್ತದೆ.

ಗಂಟು ಇರುವುದು ಇಲ್ಲೇ. ಬಂಜೆತನ ತರುವ ಜೀನನ್ನು ಆಯ್ಕೆ ಮೊದಲ ಪೀಳಿಗೆಯಲ್ಲೇ ಅಳಿಸಿಹಾಕಬೇಕಲ್ಲವೇ? ಅಳಿಸುವುದಿಲ್ಲ, ಯಾಕೆಂದರೆ ಹುಟ್ಟಿದ ಜಾಗದಲ್ಲಿ ಆ ಜೀನ್ ಬಂಜೆತನ ತರುವುದೇ ಇಲ್ಲ. ಇದನ್ನು ಓದಿದರೆ ಸಾಲದು, ಹಾಳೆಯ ಮೇಲೆ ಬರೆದೇ ನೋಡಬೇಕು.

ಕೊಡಚಾದ್ರಿ ಕಡೆ ಒಂದು ಗುಂಪು, ಆಗುಂಬೆ ಕಡೆ ಒಂದು ಗುಂಪು ಕಪ್ಪೆ. ನಡುವೆ ಓಡಾಟವಿಲ್ಲ ಎಂದಿಟ್ಟುಕೊಳ್ಳಿ. ಎರಡು ಜೀನ್ ನೋಡೋಣ, ಪ್ರತಿಯೊಂದಕ್ಕೂ ಎರಡು ಪ್ರತಿ: ಮೊದಲ ಜೀನಿನ ರೂಪ ‘ಕ’ ಅಥವಾ ‘ಗ’, ಎರಡನೆಯದರದು ‘ತ’ ಅಥವಾ ‘ದ’. ಶುರುವಿನಲ್ಲಿ ಎರಡೂ ಕಡೆ ‘ಕಕ ತತ’.

ಕೊಡಚಾದ್ರಿ: ಕಕ ತತ → ಕಗ ತತ → ಗಗ ತತ
ಆಗುಂಬೆ: ಕಕ ತತ → ಕಕ ತದ → ಕಕ ದದ

ಮೊದಲ ಸಾಲಿನಲ್ಲಿ ‘ಗ’ ಅಲ್ಲಿನ ಪರಿಸರಕ್ಕೆ ಅನುಕೂಲ, ಹಾಗಾಗಿ ಹರಡಿತು. ಪ್ರತಿ ಹೆಜ್ಜೆಯಲ್ಲೂ ಅದರ ಜೊತೆಗಿರುವುದು ‘ತ’ ಮಾತ್ರ. ಎರಡನೆಯ ಸಾಲಿನಲ್ಲಿ ‘ದ’ ಜೊತೆಗಿರುವುದು ‘ಕ’ ಮಾತ್ರ. ಎಲ್ಲೂ ಯಾರೂ ಬಂಜೆಯಾಗಲಿಲ್ಲ. ಈಗ ಎರಡನ್ನೂ ಕೂಡಿಸಿ: ಮರಿ ‘ಕಗ ತದ’. ‘ಗ’ ಮತ್ತು ‘ದ’ ಒಂದೇ ದೇಹದಲ್ಲಿ ಸೇರಿದ್ದು ಇದೇ ಮೊದಲು. ಆಯ್ಕೆ ಈ ಜೋಡಿಯನ್ನು ಎಂದೂ ಒರೆಗೆ ಹಚ್ಚಿಲ್ಲ. ಹೊಂದದಿದ್ದರೆ ಮರಿ ಬಂಜೆ. ಇದೇ ಇಬ್ಬರು ತಳಿವಿಜ್ಞಾನಿಗಳ ಹೆಸರಿನ ಡಾಬ್ಜಾನ್‌ಸ್ಕಿ–ಮುಲ್ಲರ್ ಮಾದರಿ. ಒಂದೇ ಜೀನ್ ಇಟ್ಟುಕೊಂಡು ಮಾಡಲು ಹೋದರೆ ದಾರಿ ಮಧ್ಯದ ‘ಕಗ’ವೇ ಬಂಜೆಯಾಗಿ ಬದಲಾವಣೆ ಅಲ್ಲೇ ನಿಲ್ಲುತ್ತದೆ. ಎರಡು ಜೀನ್ ಬೇಕಾಗುವುದು ಅದಕ್ಕೇ.

ಕೂಡುವ ಮೊದಲೇ ಬೀಳುವ ತಡೆಗೆ ಜೀವವಿಜ್ಞಾನಿ ಡಯೇನ್ ಡಾಡ್ 1989ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಡಿ. ಹಣ್ಣುನೊಣಗಳ 4 ಗುಂಪು ಪಿಷ್ಟದ ಮೇಲೆ, 4 ಗುಂಪು ಮಾಲ್ಟೋಸ್ ಎಂಬ ಸಕ್ಕರೆಯ ಮೇಲೆ. ಹಲವು ಪೀಳಿಗೆಗಳ ನಂತರ ಪಿಷ್ಟದವು ಪಿಷ್ಟದವನ್ನೇ ಹೆಚ್ಚಾಗಿ ಕೂಡಿದವು. ಬಹಳ ಜನ ಬಿಟ್ಟುಬಿಡುವ ಭಾಗ ಮುಂದಿನದು: ಬೇರೆ ಬೇರೆ ಪಿಷ್ಟ ಗುಂಪುಗಳ ನೊಣಗಳು ತಮ್ಮತಮ್ಮಲ್ಲಿ ಭೇದ ಮಾಡಲಿಲ್ಲ. ಅವೂ ಅಷ್ಟೇ ಕಾಲ ದೂರವಿದ್ದವು. ಆದ್ದರಿಂದ ಕಾರಣ ಬರೀ ದೂರವಲ್ಲ, ಆಹಾರಕ್ಕೆ ಒಗ್ಗಿದ್ದು. ನೊಣಗಳು ಹೊಸ ಪ್ರಭೇದವೇನೂ ಆಗಲಿಲ್ಲ, ಹಾಗೆಂದು ಬರೆಯಬೇಡಿ.

ನಮ್ಮ ಶರಾವತಿ ಕಣಿವೆಯ ಉದಾಹರಣೆ ಕೊಡುವಾಗಲೂ ಎಚ್ಚರ. 2014ರಲ್ಲಿ ವಿವರಿಸಿದ, ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ, ಅದರ ನೆಂಟ ಜೋಗ್ ಕಪ್ಪೆ ಎರಡೂ ಹಳ್ಳದವೇ. ಕೂಗು ಬೇರೆ ಬೇರೆ. ಇಂದು ಒಟ್ಟಿಗಿವೆ ಎಂದು ಅಲ್ಲೇ ಬೇರೆಯಾದವು ಎನ್ನಲಾಗದು. ದೂರದಲ್ಲಿ ಬೇರೆಯಾಗಿ, ಆಮೇಲೆ ಒಂದೇ ಹಳ್ಳಕ್ಕೆ ಬಂದಿರಲೂಬಹುದು.