ಇಲೆಕ್ಷನ್ ಯಾವಾಗ್ರೀ?

ಕೊಪ್ಪಳದಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಕೂತಾಗ ಪರಿಚಯದ ಹಿರಿಯರೊಬ್ಬರು ಸಿಕ್ಕರು. ಜಿಲ್ಲಾ ಪಂಚಾಯಿತಿಗೆ ನಿಲ್ಲಬೇಕು ಅಂತ 2021ರಲ್ಲೇ ಎರಡು ಬಿಳಿ ಅಂಗಿ ಹೊಲಿಸಿಟ್ಟವರು. "ಅಂಗಿ ಬಿಗಿ ಆಗ್ಯಾವ, ಇಲೆಕ್ಷನ್ ಬರವಲ್ದು" ಅಂತ ನಕ್ಕರು.

'ಜಗತ್ತಿನಲ್ಲಿ ಪ್ರಜಾಪ್ರಭುತ್ವ ಉಳಿಯುತ್ತಾ?' ಅನ್ನೋ ದೊಡ್ಡ ಚರ್ಚೆಗೂ ಈ ಅಂಗಿಗೂ ನಂಟಿದೆ. 1974ರಲ್ಲಿ ಪೋರ್ಚುಗಲ್‌ನ ಸರ್ವಾಧಿಕಾರ ಬಿತ್ತು. ಆಮೇಲೆ ಸ್ಪೇನ್, ಲ್ಯಾಟಿನ್ ಅಮೆರಿಕ, 1989ರ ಹೊತ್ತಿಗೆ ಪೂರ್ವ ಯುರೋಪ್. ಎಲ್ಲೆಡೆ ಮತಪೆಟ್ಟಿಗೆ ಬಂತು. 2006ರಿಂದ ಗಾಳಿ ತಿರುಗಿದೆ, ಸ್ವಾತಂತ್ರ್ಯ ವರ್ಷವರ್ಷವೂ ಇಳಿಯುತ್ತಿದೆ ಅನ್ನುತ್ತವೆ ದೇಶದೇಶಗಳ ಸ್ವಾತಂತ್ರ್ಯ ಅಳೆಯುವ ಅಮೆರಿಕದ ಸಂಸ್ಥೆ ಫ್ರೀಡಂ ಹೌಸ್‌ನ ವರದಿಗಳು. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ನುಗ್ಗಿತು. ಅದೇ ವರ್ಷ ಟುನೀಶಿಯಾದಲ್ಲಿ ಜನ ಆರಿಸಿದ ಅಧ್ಯಕ್ಷರೇ ಸಂಸತ್ತನ್ನು ಅಮಾನತಿನಲ್ಲಿಟ್ಟರು. ಆಫ್ರಿಕಾದ ಮಾಲಿ ದೇಶದ ಸೇನಾ ಆಡಳಿತ ಚುನಾವಣೆ 2022ಕ್ಕೆ ಅಂದಿತು, ಆಮೇಲೆ 2024ಕ್ಕೆ ಅಂದಿತು. ಎರಡೂ ಹೋದವು. ರದ್ದು ಅಂದರೆ ಜನ ರೊಚ್ಚಿಗೇಳುತ್ತಾರೆ. ಮುಂದಕ್ಕೆ ಹಾಕಿದರೆ ಯಾರು ಕೇಳ್ತಾರೆ, ಅಲ್ವಾ?

ನಮ್ಮ ಕಡೆ ಓಟು ಹಳೇ ಆಸ್ತಿಯೇನಲ್ಲ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿದ್ದವು. 1951-52ರಲ್ಲಿ 21 ತುಂಬಿದ ಹೆಣ್ಣು-ಗಂಡು ಎಲ್ಲರಿಗೂ ಓಟು ಬಂತು.

ಪಂಚಾಯಿತಿ ಕಥೆ ಇನ್ನೂ ಸ್ವಾರಸ್ಯದ್ದು. ದೇಶಕ್ಕಿಂತ ಮೊದಲೇ ಕರ್ನಾಟಕ 1983ರ ಪಂಚಾಯಿತಿ ಕಾಯ್ದೆ ಮಾಡಿತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊಟ್ಟು 'ನೀರ್ ಸಾಬ್' ಅನ್ನಿಸಿಕೊಂಡ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್ ಅದರ ಹಿಂದಿದ್ದರು. 1987ರಲ್ಲಿ ಚುನಾವಣೆ ಆಯಿತು, ಹೆಣ್ಣುಮಕ್ಕಳಿಗೆ ಶೇ 25 ಮೀಸಲು. ಐದು ವರ್ಷ ಮುಗಿದಿದ್ದೇ ತಡ, ಅಧಿಕಾರಿಗಳು ಬಂದು ಕೂತರು. ಮತ್ತೆ ಜಿಲ್ಲಾ ಪಂಚಾಯಿತಿ ಚುನಾವಣೆ ಆಗಿದ್ದು 1995ರಲ್ಲಿ. ಅಷ್ಟರಲ್ಲಿ ಸಂವಿಧಾನವೇ ಬದಲಾಗಿತ್ತು: ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ. 2010ರಲ್ಲಿ ಮಹಿಳಾ ಮೀಸಲು ಅರ್ಧಕ್ಕೇರಿತು.

ಕೊನೆಯ ಬಾರಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಓಟು ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ನಡುವೆ ಸರ್ಕಾರವೂ ಬದಲಾಯಿತು. ನಾಲ್ಕು ವರ್ಷ ಕಳೆದರೂ ಕುರ್ಚಿ ಖಾಲಿ. ಶಾಸಕರಿಗೆ ಹಳ್ಳಿಯಲ್ಲಿ ಪೈಪೋಟಿ ಇಲ್ಲದಿದ್ದರೆ ಹಾಯಾಗಿರುತ್ತೆ, ಯಾವ ಪಕ್ಷವೇ ಇರಲಿ.

ಹಾಗಂತ ಚುನಾವಣೆ ಆದರೆ ಎಲ್ಲ ಸರಿ ಅಂತಲೂ ಇಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸೀಟುಗಳನ್ನೇ ಹರಾಜು ಹಾಕಿದ ಸುದ್ದಿ ಬಂದಿತ್ತು. ಆದರೂ ಬೋರ್‌ವೆಲ್ ಮೋಟರ್ ಸುಟ್ಟರೆ ತಾಲ್ಲೂಕು ಪಂಚಾಯಿತಿ ಮೆಂಬರ್ ಮನೆ ಬಾಗಿಲು ಬೆಳಿಗ್ಗೆ ಆರಕ್ಕೇ ಬಡಿಯಬಹುದಿತ್ತು. ಈಗ ಅರ್ಜಿ ಬರೆಯಬೇಕು. ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ.

ಹಿರಿಯರು ಟೇಲರ್‌ನನ್ನು ಕೇಳಿದ್ದಾರಂತೆ. ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದಾನೆ, ಬಿಚ್ಚಿ ಹೊಲಿದುಕೊಡ್ತಾನಂತೆ.