ಜ್ವರ ಬಿಟ್ಟರೂ ಬಿಡದ ಏದುಸಿರು

ಕೋವಿಡ್ ಜೋರಾಗಿ ಬಂದು, ಆಕ್ಸಿಜನ್ ಹಾಕಿಸಿಕೊಂಡು ಮನೆಗೆ ಮರಳಿದ ಕೆಲವರನ್ನು ಗಮನಿಸಿ. ಕುರ್ಚಿಯಲ್ಲಿ ಕೂತಾಗ ಬೆರಳಿನ ಆಕ್ಸಿಮೀಟರ್ 97 ತೋರಿಸುತ್ತದೆ. ಆರು ನಿಮಿಷ ನಡೆದರೆ ಅದೇ ಅಂಕಿ 90ರ ಕೆಳಗೆ ಜಾರುತ್ತದೆ. ವೈರಾಣು ಹೋಗಿ ತಿಂಗಳುಗಳೇ ಆಗಿರುತ್ತವೆ. ಈಗ ಕಾಡುತ್ತಿರುವುದು ದೇಹವೇ ಮಾಡಿಕೊಂಡ ರಿಪೇರಿ.

ಎದೆಯೊಳಗೆ 30ರಿಂದ 50 ಕೋಟಿ ಗಾಳಿಗೂಡುಗಳಿವೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು. ಅದರ ಬಹುಭಾಗ ಚಪಾತಿಯಂತೆ ಹರಡಿಕೊಂಡ ಕೋಶಗಳದ್ದು. ಮೂಲೆಯಲ್ಲಿ ಗುಂಡಗೆ ಕೂತ ‘ಎರಡನೇ ಬಗೆಯ’ ಕೋಶಗಳಿಗೆ ಎರಡು ಕೆಲಸ: ಗೂಡು ಮುದುಡಿ ಅಂಟಿಕೊಳ್ಳದಂತೆ ಸೋಪಿನಂಥ ಸರ್ಫ್ಯಾಕ್ಟಂಟ್ ಒಸರುವುದು, ಚಪಾತಿ ಕೋಶ ಸತ್ತರೆ ತಾವೇ ಇಬ್ಭಾಗವಾಗಿ, ಹರಡಿ ಆ ಜಾಗ ತುಂಬುವುದು. ಕೊರೊನಾ ವೈರಾಣು ಹಿಡಿದು ಒಳನುಗ್ಗುವ ಎಸಿಇ-2 ಎಂಬ ಚಿಲಕ ಇರುವುದೂ ಇವುಗಳ ಮೇಲೆಯೇ. ಮನೆ ಬಿದ್ದ ಹೊತ್ತಿಗೇ ಗಾರೆಯವನೂ ಹಾಸಿಗೆ ಹಿಡಿದ ಹಾಗೆ.

ಉಳಿದುಕೊಂಡ ಕೋಶಗಳಲ್ಲೂ ಕೆಲವು ಹರಡಲು ಹೊರಟು ಅರ್ಧದಾರಿಯಲ್ಲೇ ನಿಂತುಬಿಡುತ್ತವೆ. ಅಷ್ಟರಲ್ಲಿ ಫೈಬ್ರೋಬ್ಲಾಸ್ಟ್ ಕೋಶಗಳು ಬಂದು ಕೊಲಾಜೆನ್ ನಾರು ನೇಯುತ್ತವೆ. ತರಚಿದ ಮೊಣಕಾಲಿಗೆ ಇದು ಸಾಕು. ಶ್ವಾಸಕೋಶಕ್ಕೆ ಮಾತ್ರ ರೇಷ್ಮೆ ಸೀರೆಗೆ ಗೋಣಿದಾರದ ಹೊಲಿಗೆ. ಗೋಡೆ ದಪ್ಪವಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ. ಇದೇ ಫೈಬ್ರೋಸಿಸ್. ಕೂತಾಗ ರಕ್ತ ಗಾಳಿಗೂಡಿನ ಪಕ್ಕ ಸೆಕೆಂಡಿನ ಮುಕ್ಕಾಲು ಪಾಲು ಇರುತ್ತದೆ, ಹೇಗೋ ಆಕ್ಸಿಜನ್ ತುಂಬಿಕೊಳ್ಳುತ್ತದೆ. ದಣಿವಾಗುವಷ್ಟು ನಡೆದರೆ ಆ ಬಿಡುವು ಕಾಲು ಸೆಕೆಂಡಿನತ್ತ ಕುಗ್ಗುತ್ತದೆ. ದಪ್ಪ ಗೋಡೆ ದಾಟಲು ಆಕ್ಸಿಜನ್‌ಗೆ ಅಷ್ಟು ಹೊತ್ತು ಸಾಲದು.

ವೈದ್ಯರು ಇದನ್ನು ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟೂ ಗುರುತಿಸಬಲ್ಲರು. ಕಿವಿಯ ಪಕ್ಕದ ನಾಲ್ಕು ಕೂದಲನ್ನು ಬೆರಳಲ್ಲಿ ಹೊಸಕಿ ನೋಡಿ. ಆ ಚರಚರ ಸದ್ದು, ಉಸಿರು ಎಳೆದುಕೊಂಡಾಗ, ಶ್ವಾಸಕೋಶದ ಬುಡದಲ್ಲಿ ಕೇಳಿಸುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಸ್ಕ್ಯಾನಿನಲ್ಲಿ ಮಸುಕು ಗಾಜಿನಂತೆ ಕಾಣುವ ಕಲೆಗಳು ಬಹಳಷ್ಟು ಮಂದಿಯಲ್ಲಿ ತಿಂಗಳುಗಳಲ್ಲಿ ಕರಗುತ್ತವೆ; ಅದು ಊತ, ಇನ್ನೂ ನಾರಾಗಿರುವುದಿಲ್ಲ. ಎಲ್ಲಿಯವರೆಗೆ ಕಾಯಬೇಕು? ಕೋವಿಡ್‌ನ ದಾಯಾದಿ ಸಾರ್ಸ್ ಒಂದು ಸುಳಿವು ಕೊಡುತ್ತದೆ. 2003ರಲ್ಲಿ ಬೀಜಿಂಗ್‌ನಲ್ಲಿ ರೋಗಿಗಳಿಂದಲೇ ಸೋಂಕು ತಗುಲಿದ 71 ಆಸ್ಪತ್ರೆ ಸಿಬ್ಬಂದಿಯನ್ನು ಸಂಶೋಧಕರು 2018ರವರೆಗೂ ಪರೀಕ್ಷಿಸುತ್ತ ಬಂದರು. ಶ್ವಾಸಕೋಶದ ಕಲೆಗಳು ಮೊದಲ ವರ್ಷದಲ್ಲೇ ಗಣನೀಯವಾಗಿ ಕುಗ್ಗಿದ್ದವು. ಉಳಿದ ಚೂರು ಆಮೇಲಿನ 14 ವರ್ಷ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಹಾಗಾಗಿ ಮೂರನೇ ತಿಂಗಳ ಸ್ಕ್ಯಾನ್ ಹಿಡಿದು ಯಾರಾದರೂ ‘ಇನ್ನು ಇಷ್ಟೇ’ ಎಂದರೆ ನಾನಂತೂ ಒಪ್ಪುವುದಿಲ್ಲ. ವರ್ಷ ತುಂಬಿದ ಮೇಲಿನ ಸ್ಕ್ಯಾನ್ ಹಿಡಿದು ಹೇಳಿದರೆ ಮಾತು ಬೇರೆ.